ಹೆತ್ತ ಮಗುವನ್ನು ದತ್ತು ಕೊಡುವ ಮುನ್ನ: ತಾಯಿಗೆ ಕಾನೂನು ಕೊಟ್ಟಿರುವ 60 ದಿನಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಗಳಲ್ಲಿ ಬೀಡಿ ಕಟ್ಟಿ, ತೋಟದ ಕೂಲಿಗೆ ಹೋಗಿ ಸಂಸಾರ ನಡೆಸುವ ಹೆಂಗಸರು ಬಹಳ ಮಂದಿ ಇದ್ದಾರೆ. ಅವರಲ್ಲಿ ಗಂಡ ಬಿಟ್ಟುಹೋದವರಿದ್ದಾರೆ, ವಿಧವೆಯರಿದ್ದಾರೆ, ಮದುವೆಯಾಗದೆ ತಾಯಿಯಾದವರೂ ಇದ್ದಾರೆ. ಹೆರಿಗೆಯಾಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಹೊತ್ತಿಗೆ ಇಂಥ ತಾಯಿಯ ಮುಂದೆ ಒಂದೇ ಪ್ರಶ್ನೆ ನಿಲ್ಲುತ್ತದೆ: ‘ಈ ಮಗುವನ್ನು ನಾನು ಸಾಕಬಲ್ಲೆನೇ?’

ಹೀಗೆ ಕೇಳಿಕೊಳ್ಳುವುದು ಅಪರಾಧವಲ್ಲ. ಆದರೆ ಹೆರಿಗೆಯ ಆಯಾಸ, ಮನೆಯವರ ಒತ್ತಡ, ಊರವರ ಮಾತಿನ ಭಯ ಇವುಗಳ ನಡುವೆ ಎರಡು ದಿನದಲ್ಲಿ ಉತ್ತರ ಹುಡುಕುವುದು ಅಪಾಯ. ಆಕೆ ಸಲಹೆ ಕೇಳಿ ಬರುವುದು ಹೆಚ್ಚಾಗಿ ಧರ್ಮಗುರುಗಳು, ಧರ್ಮಭಗಿನಿಯರು, ವಾರ್ಡಿನ ಗುರಿಕಾರರು ಅಥವಾ ಆಶಾ ಕಾರ್ಯಕರ್ತೆಯರ ಬಳಿಗೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದು ನಮ್ಮೆಲ್ಲರಿಗೂ ತಿಳಿದಿರಬೇಕು.

ಮೊದಲ ವಿಚಾರ: ಕಷ್ಟ ಹಣದ್ದು ಮಾತ್ರವೇ?

ಮಗುವನ್ನು ಇಟ್ಟುಕೊಳ್ಳಲು ಮನಸ್ಸಿದೆ, ಆದರೆ ಕೈಯಲ್ಲಿ ಏನೂ ಇಲ್ಲ ಎಂದಾದರೆ ಅಲ್ಲಿ ಬೇಕಾದದ್ದು ದತ್ತು ಅಲ್ಲ, ಸಹಾಯ. ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ‘ಪ್ರಾಯೋಜಕತ್ವ’ ಎಂಬ ನೆರವು ಇದೆ. ವಿಧವೆ, ವಿಚ್ಛೇದಿತೆ ಅಥವಾ ಗಂಡ ತೊರೆದ ತಾಯಿಯ ಮಗುವಿಗೆ ತಿಂಗಳಿಗೆ ರೂ. 4,000 ದೊರೆಯಬಹುದು. ಗ್ರಾಮೀಣ ಪ್ರದೇಶದಲ್ಲಿ ಕುಟುಂಬದ ವಾರ್ಷಿಕ ಆದಾಯ ರೂ. 72,000 ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಸಲ್ಲಿಸಬೇಕು. ಅಂಗನವಾಡಿಯಿಂದ ಬಾಣಂತಿಗೂ ಮಗುವಿಗೂ ಪೌಷ್ಟಿಕ ಆಹಾರ ಸಿಗುತ್ತದೆ. ಧರ್ಮಕೇಂದ್ರದ ಸಂತ ವಿನ್ಸೆಂಟ್ ದ ಪೌಲ್ ಸಭೆ, ಸ್ತ್ರೀ ಸಂಘಟನೆಗಳು ಮೊದಲ ಆರು ತಿಂಗಳ ಖರ್ಚಿಗೆ ಹೆಗಲು ಕೊಟ್ಟರೆ ಎಷ್ಟೋ ತಾಯಂದಿರ ನಿರ್ಧಾರ ಬದಲಾಗಬಹುದು.

ಒಪ್ಪಿಸುವ ಕಾನೂನುಬದ್ಧ ದಾರಿ

ಎಲ್ಲ ಯೋಚಿಸಿದ ಮೇಲೂ ಸಾಕಲು ಸಾಧ್ಯವಿಲ್ಲ ಎಂದಾದರೆ 2015ರ ಬಾಲನ್ಯಾಯ ಕಾಯ್ದೆ ದಾರಿ ತೋರಿಸುತ್ತದೆ. ದೈಹಿಕ, ಮಾನಸಿಕ ಅಥವಾ ಸಾಮಾಜಿಕ ಕಾರಣಗಳಿಂದ ಕೈಮೀರಿದ ಪರಿಸ್ಥಿತಿಯಲ್ಲಿರುವ ಹೆತ್ತವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ನಮ್ಮ ಮೂರೂ ತಾಲೂಕುಗಳಿಗೆ ಸಂಬಂಧಪಟ್ಟ ಸಮಿತಿ ದಕ್ಷಿಣ ಕನ್ನಡ ಜಿಲ್ಲೆಯದ್ದು, ಮಂಗಳೂರಿನಲ್ಲಿದೆ. ದಾರಿ ತಿಳಿಯದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು.

ಸಮಿತಿ ಮೊದಲು ವಿಚಾರಣೆ ನಡೆಸಿ ಆಪ್ತಸಮಾಲೋಚನೆ ಒದಗಿಸುತ್ತದೆ. ಬಳಿಕವೇ ಒಪ್ಪಿಗೆ ಪತ್ರಕ್ಕೆ ಸಹಿ. ಮಗು ಮಾನ್ಯತೆ ಪಡೆದ ವಿಶೇಷ ದತ್ತು ಕೇಂದ್ರದ ಆರೈಕೆಗೆ ಹೋಗುತ್ತದೆ. ಸಹಿಯಾದ ದಿನದಿಂದ ಮರುಚಿಂತನೆಗೆ ಎರಡು ತಿಂಗಳು, ಅಂದರೆ 60 ದಿನಗಳ ಕಾಲಾವಕಾಶವಿದೆ. ಈ ಅವಧಿಯಲ್ಲಿ ತಾಯಿ ಮನಸ್ಸು ಬದಲಾಯಿಸಿದರೆ ಮಗುವನ್ನು ಮರಳಿ ಪಡೆಯಲು ಸಮಿತಿಯನ್ನು ಕೇಳಬಹುದು. ಅವಧಿ ಮುಗಿದ ಮೇಲೆ ಸಮಿತಿಯು ಮಗುವನ್ನು ದತ್ತುವಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. ಆಮೇಲೆ ತಾಯಿಗೆ ಹಕ್ಕು ಉಳಿಯುವುದಿಲ್ಲ. ಈ ಮಾತನ್ನು ಆಕೆಗೆ ಮೊದಲೇ, ಆಕೆಯ ಭಾಷೆಯಲ್ಲೇ, ತುಳುವಾಗಲಿ ಕೊಂಕಣಿಯಾಗಲಿ ಮಲೆಯಾಳವಾಗಲಿ, ತಿಳಿಹೇಳಬೇಕು.

ಯಾರು ಸಹಿ ಮಾಡಬೇಕು?

* ದಂಪತಿಯ ಮಗುವಾದರೆ ಇಬ್ಬರೂ ಸಹಿ ಮಾಡಬೇಕು. ಒಬ್ಬರು ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ ಬೇಕು.
* ಗಂಡ ಎಲ್ಲಿದ್ದಾನೆಂದೇ ಗೊತ್ತಿಲ್ಲದಿದ್ದರೆ ಮಗುವನ್ನು ‘ತೊರೆಯಲ್ಪಟ್ಟ ಮಗು’ ಎಂದು ಪರಿಗಣಿಸಿ ಬೇರೆ ಕ್ರಮ ಅನುಸರಿಸಲಾಗುತ್ತದೆ.
* ಮದುವೆಯ ಹೊರಗೆ ಹುಟ್ಟಿದ ಮಗುವನ್ನು ತಾಯಿ ಮಾತ್ರ ಒಪ್ಪಿಸಬಹುದು.
* ಅಜ್ಜಿಯಾಗಲಿ ಸೋದರಮಾವನಾಗಲಿ ತಾಯಿಯ ಪರವಾಗಿ ಸಹಿ ಹಾಕುವಂತಿಲ್ಲ.
* ತಾಯಿಗೆ 18 ವರ್ಷ ತುಂಬಿರದಿದ್ದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ಮಾಹಿತಿ ನೀಡುವುದು ಕಡ್ಡಾಯ. ಮಾನಮರ್ಯಾದೆಯ ಹೆಸರಿನಲ್ಲಿ ಮುಚ್ಚಿಡುವವರೂ ತಪ್ಪಿತಸ್ಥರಾಗುತ್ತಾರೆ.

ಗುಟ್ಟು ಉಳಿಯುತ್ತದೆಯೇ?

ತಾಯಂದಿರ ದೊಡ್ಡ ಭಯ ಇದೇ. ಸಮಿತಿಗೆ ಒಪ್ಪಿಸಿದ ಮಗುವಿನ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡುವಂತಿಲ್ಲ. ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ಗುಟ್ಟಾಗಿರಲಿ ಎಂದು ಮಗುವನ್ನು ದಾರಿಬದಿಯಲ್ಲೋ ಇಗರ್ಜಿಯ ಮೆಟ್ಟಿಲಲ್ಲೋ ಬಿಟ್ಟುಹೋದರೆ ಆಗುವುದು ತದ್ವಿರುದ್ಧ. ಹೆತ್ತವರನ್ನು ಹುಡುಕಲು ಮಗುವಿನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಪೊಲೀಸ್ ತನಿಖೆ ನಡೆಯುತ್ತದೆ, ಮಗುವಿನ ಜೀವಕ್ಕೂ ಅಪಾಯ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ತೊರೆಯುವುದಕ್ಕೆ 7 ವರ್ಷದವರೆಗೆ ಶಿಕ್ಷೆ ಇದೆ.

ಮುಂದೆ ಮಗುವಿಗೆ 18 ವರ್ಷ ತುಂಬಿದ ಮೇಲೆ ಅದು ತನ್ನ ಮೂಲವನ್ನು ಹುಡುಕಲು ಅರ್ಜಿ ಹಾಕಬಹುದು. ಆದರೆ ಹೆತ್ತ ತಾಯಿಯ ಗೋಪ್ಯತೆಯ ಹಕ್ಕಿಗೆ ಧಕ್ಕೆ ತರುವಂತಿಲ್ಲ.

‘ನಮಗೇ ಕೊಟ್ಟುಬಿಡು’ ಎನ್ನುವವರು

ಮಕ್ಕಳಿಲ್ಲದ ಪರಿಚಯದ ದಂಪತಿಗೆ ಆಸ್ಪತ್ರೆಯಿಂದಲೇ ಮಗುವನ್ನು ಕೊಡುವುದು ಪುಣ್ಯದ ಕೆಲಸವೆಂದು ಹಲವರು ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಕ್ರೈಸ್ತರಿಗೆ ಅನ್ವಯಿಸುವುದಿಲ್ಲ. ಕ್ರಮ ತಪ್ಪಿಸಿ ದತ್ತು ಕೊಟ್ಟರೂ ಪಡೆದರೂ 3 ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಹಣ ಕೈಬದಲಾದರೆ ಅದು ಮಾರಾಟ. ಅದಕ್ಕೆ 5 ವರ್ಷದವರೆಗೆ ಕಠಿಣ ಸಜೆ ಇದ್ದು, ಆಸ್ಪತ್ರೆ ಸಿಬ್ಬಂದಿ ಭಾಗಿಯಾದರೆ 3ರಿಂದ 7 ವರ್ಷ. ಮಗು ಪಡೆಯುವವಳ ಹೆಸರಿನಲ್ಲೇ ಗರ್ಭಿಣಿಯನ್ನು ಆಸ್ಪತ್ರೆಗೆ ಸೇರಿಸುವ ಉಪಾಯಕ್ಕಂತೂ ಯಾರೂ ಕೈಜೋಡಿಸಬಾರದು. ಬಂಧುಗಳೊಳಗೆ ದತ್ತು ಕೊಡುವುದಾದರೂ ಅಜ್ಜ-ಅಜ್ಜಿ, ತಂದೆತಾಯಿಯ ಒಡಹುಟ್ಟಿದವರು ಇಷ್ಟೇ ಮಂದಿ ಕಾನೂನಿನ ಕಣ್ಣಲ್ಲಿ ಸಂಬಂಧಿಕರು. ಅದಕ್ಕೂ ಸರಕಾರಿ ನೋಂದಣಿ ಬೇಕು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶವನ್ನು ಜಿಲ್ಲಾಧಿಕಾರಿಗಳು ನೀಡುತ್ತಾರೆ.

ನಮ್ಮ ಪಾಲಿನ ಕರ್ತವ್ಯ

ಕಾನ್ವೆಂಟಾಗಲಿ ಧರ್ಮಗುರುಗಳ ನಿವಾಸವಾಗಲಿ ದತ್ತು ಕೇಂದ್ರವಲ್ಲ. ಯಾರಾದರೂ ಮಗುವನ್ನು ಅಲ್ಲಿ ಬಿಟ್ಟುಹೋದರೆ 24 ಗಂಟೆಯೊಳಗೆ ಪೊಲೀಸರಿಗೆ, 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಲೇಬೇಕು. ತಾಯಿಯೇ ಬಂದರೆ ಮೊದಲು ಊಟ, ವಿಶ್ರಾಂತಿ, ವೈದ್ಯರು. ಉಪದೇಶ ಆಮೇಲೆ. ‘ಇಟ್ಟುಕೋ’ ಎಂದಾಗಲಿ ‘ಕೊಟ್ಟುಬಿಡು’ ಎಂದಾಗಲಿ ನಾವು ತೀರ್ಪು ಕೊಡುವುದು ಬೇಡ. ಬೆಳ್ತಂಗಡಿಯ ಒಳಹಳ್ಳಿಯಿಂದ ಮಂಗಳೂರಿಗೆ ಹಸುಗೂಸು ಎತ್ತಿಕೊಂಡು ಒಬ್ಬಳೇ ಬಸ್ಸಿನಲ್ಲಿ ಹೋಗುವುದು ಬಾಣಂತಿಗೆ ಸುಲಭವಲ್ಲ. ಜತೆಗೆ ಒಬ್ಬ ಹಿರಿಯ ಹೆಂಗಸು ಹೋದರೆ ಅದೇ ದೊಡ್ಡ ಉಪಕಾರ.

ಸಮಿತಿಗೆ ಒಪ್ಪಿಸಿ ಬಂದ ತಾಯಿಯನ್ನು ‘ಮಗುವನ್ನು ಬಿಟ್ಟವಳು’ ಎಂದು ಕರೆಯಬಾರದು. ಮಗುವಿಗೆ ಒಂದು ಮನೆ ಸಿಗಲೆಂದು ಕಾನೂನಿನ ದಾರಿ ಹಿಡಿದವಳು ಆಕೆ. ಸಾಕುತ್ತೇನೆಂದು ಮರಳಿ ಎತ್ತಿಕೊಂಡು ಬಂದ ತಾಯಿಗೂ ಅದೇ ಗೌರವ ಸಲ್ಲಬೇಕು. ಆ 60 ದಿನಗಳು ಆಕೆಯವು. ಅವು ಮುಗಿಯುವ ತನಕವೂ, ಮುಗಿದ ಮೇಲೂ ಆಕೆ ಒಂಟಿಯಾಗದಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಕೆಲಸ.