ಬೆಂಗಳೂರು ಟಾರ್ಪಿಡೊ ಯಾವ ವಿದ್ಯೆಗೆ ಸೇರಿದ್ದು?

ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಬಾವಿ ತೋಡುವಾಗ ಬಂಡೆ ಅಡ್ಡ ಬಂದರೆ ಕುಳಿ ಕೊರೆದು, ಮದ್ದು ತುಂಬಿ ಹಾರಿಸುವುದು ಹಳೆಯ ರೂಢಿ. ಸಿಡಿಯದೆ ಉಳಿದ ಕುಳಿಯನ್ನು ಮತ್ತೆ ಕೊರೆಯಬಾರದೆಂಬುದು ಆ ಕಸುಬಿನ ಮೊದಲ ಪಾಠ. ಮದ್ದು ಸಿಡಿಸಬಲ್ಲವನಿಗೆಲ್ಲ ಸಿಡಿಯದ ಮದ್ದನ್ನು ನಿಷ್ಕ್ರಿಯಗೊಳಿಸುವುದು ಗೊತ್ತಿರುವುದಿಲ್ಲ. 2021ರ ಜನವರಿ 21ರಂದು ನೆರೆಯ ಶಿವಮೊಗ್ಗದ ಹುಣಸೋಡಿನಲ್ಲಿ ಕಲ್ಲುಗಣಿಗೆಂದು ತಂದ ಸ್ಫೋಟಕ ಸಿಡಿದಾಗಲೂ ಸ್ಥಳಕ್ಕೆ ಬಾಂಬ್ ನಿಷ್ಕ್ರಿಯ ದಳವನ್ನೇ ಕರೆಸಬೇಕಾಯಿತು. ಹಳ್ಳಿಯ ಕಸುಬುದಾರರು ಬೇರೆ ಬೇರೆಯಾಗಿ ಇಟ್ಟುಕೊಂಡ ಈ ಎರಡು ವಿದ್ಯೆಗಳನ್ನು ಸೇನಾ ಇತಿಹಾಸದ ಬರಹಗಳು ಒಂದೇ ಎಂಬಂತೆ ಕಾಣುತ್ತವೆ. ಬೆಂಗಳೂರು ಟಾರ್ಪಿಡೊ ಕುರಿತ ಪ್ರಚಲಿತ ವಿವರಣೆ ಇದಕ್ಕೆ ಒಳ್ಳೆಯ ನಿದರ್ಶನ.

ಒಪ್ಪಿತವಾದ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. ಈ ಸಾಧನ ಹುಟ್ಟಿದ ಸೇನಾ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್‌ಗಳ ಮೂಲ 1780ರ ಮದ್ರಾಸ್ ಪಯನಿಯರ್ ತುಕಡಿಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಡೆಯ ನೆಲೆ ಬೆಂಗಳೂರಿನ ಹಲಸೂರು ಕೆರೆಯ ಬಳಿಗೆ ಬಂತು. ಅಲ್ಲಿಯೇ 1912ರಲ್ಲಿ ಕ್ಯಾಪ್ಟನ್ ಆರ್. ಎಲ್. ಮೆಕ್‌ಕ್ಲಿಂಟಾಕ್, ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಮುಂದಕ್ಕೆ ತಳ್ಳುವ ಸಾಧನವನ್ನು ರೂಪಿಸಿದ. ಪಡೆಯ ಇಂದಿನ ರೂಪ ಮದ್ರಾಸ್ ಎಂಜಿನಿಯರ್ ಗ್ರೂಪ್. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರಿರುವುದು ಸಾಧನದ ಉದ್ದೇಶದ ಬಗ್ಗೆ. ಬೋಯರ್ ಯುದ್ಧ ಹಾಗೂ ರಷ್ಯಾ–ಜಪಾನ್ ಯುದ್ಧಗಳ ತರುವಾಯ ನೆಲದಲ್ಲಿ ಉಳಿದುಹೋಗಿದ್ದ ಸ್ಫೋಟಕ ಬಲೆಗಳನ್ನೂ (ಬೂಬಿ ಟ್ರ್ಯಾಪ್) ಅಡೆತಡೆಗಳನ್ನೂ ಸಿಡಿಸಲು ಇದು ಹುಟ್ಟಿತೆಂಬ ಮಾತು ಬರಹದಿಂದ ಬರಹಕ್ಕೆ ಹರಿದುಬಂದಿದೆ. ಇದನ್ನು ಒಪ್ಪಿದರೆ ಸ್ಫೋಟಕ ನಿಷ್ಕ್ರಿಯ ತರಬೇತಿಯ ತವರು ಬೆಂಗಳೂರೇ ಎನ್ನಬೇಕಾಗುತ್ತದೆ. ಊರಿನ ಅಭಿಮಾನಕ್ಕೆ ಹಿತವಾದ ಮಾತಾದರೂ ಒಪ್ಪಲು ಮೂರು ತೊಡಕುಗಳಿವೆ.

ಮೊದಲನೆಯದು ಕಾಲ ಮತ್ತು ದೇಶದ್ದು. ಬೋಯರ್ ಯುದ್ಧ 1902ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಮುಗಿಯಿತು. ಇನ್ನೊಂದು ಯುದ್ಧ 1905ರಲ್ಲಿ. ಎರಡನೆಯದರಲ್ಲಿ ಬ್ರಿಟನ್ ಕಾದಾಡಿರಲೇ ಇಲ್ಲ. ಮಂಚೂರಿಯಾದ ನೆಲದಲ್ಲಿ ಉಳಿದ ಮದ್ದನ್ನು ಏಳು ವರ್ಷಗಳ ನಂತರ ಹಲಸೂರಿನ ಸ್ಯಾಪರ್‌ಗಳು ಏಕೆ ತೆಗೆಯಬೇಕಿತ್ತು? ಆ ಯುದ್ಧದಿಂದ ಭಾರತಕ್ಕೆ ಬಂದದ್ದು ವರದಿಗಳು. ಭಾರತೀಯ ಸೇನೆಯ ಪರವಾಗಿ ಇಯಾನ್ ಹ್ಯಾಮಿಲ್ಟನ್ ಜಪಾನೀ ಪಡೆಯ ಜೊತೆಗಿದ್ದು ಯುದ್ಧವನ್ನು ಕಂಡಿದ್ದ. ಮುಳ್ಳುತಂತಿ ಮತ್ತು ಮೆಷಿನ್‌ಗನ್‌ಗಳ ಎದುರು ದಾಳಿಕಾರರ ಪಾಡೇನೆಂಬುದನ್ನು ಪೋರ್ಟ್ ಆರ್ಥರ್‌ನ ಮುತ್ತಿಗೆ ಲೋಕಕ್ಕೇ ತೋರಿಸಿತ್ತು.

ಎರಡನೆಯದು ಆಕಾರದ್ದು. ಹೂತಿಟ್ಟ ಬಲೆ ಒಂದು ಬಿಂದುವಿನಲ್ಲಿರುತ್ತದೆ; ಅದನ್ನು ಸಿಡಿಸಲು ಪಕ್ಕದಲ್ಲಿ ಇಡುವ ಸಣ್ಣ ಮದ್ದು ಸಾಕು. ತಂತಿಬೇಲಿಗೆ ಆಳವಿದೆ. ಅದರ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಏಟಿಗೆ ಸೀಳಬೇಕಾದರೆ ಮಾತ್ರ ಬೇಕಷ್ಟು ಉದ್ದಕ್ಕೆ ಬೆಳೆಸಬಲ್ಲ ಕೊಳವೆಗೆ ಅರ್ಥ ಬರುತ್ತದೆ.

ಮೂರನೆಯದು ಬಳಕೆಯದು. ಮೊದಲ ಮಹಾಯುದ್ಧದಲ್ಲಿ ಇದು ತಂತಿ ಕಡಿಯಲು ಹೋಯಿತು. 1944ರ ಜೂನ್ 6ರಂದು ಒಮಾಹಾ ಕಡಲತೀರದಲ್ಲಿ ಅಮೆರಿಕನ್ ಸೈನಿಕರು ಐದೈದು ಅಡಿಯ ಕೊಳವೆಗಳನ್ನು ಜೋಡಿಸಿದ್ದೂ ಮುಳ್ಳುತಂತಿ ದಾಟುವುದಕ್ಕೇ.

ನೆಲಬಾಂಬಿನ ಹೊಲದಲ್ಲೂ ಇದನ್ನು ಬಳಸಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಬಳಸಿದ್ದಾರೆ. ಆದರೆ ಅಲ್ಲಿ ತೆರೆಯುವುದು ಒಂದು ಓಣಿ ಮಾತ್ರ; ಓಣಿಯ ಎಡಬಲಕ್ಕಿರುವ ಬಾಂಬುಗಳು ಇದ್ದಲ್ಲೇ ಇರುತ್ತವೆ. ದಾಳಿಗೆ ಓಣಿ ಸಾಕು. ನಿಷ್ಕ್ರಿಯ ಕೆಲಸಕ್ಕೆ ಸಾಲದು: ಅಲ್ಲಿ ನೆಲ ಪೂರ್ತಿ ಹಸನಾಗಬೇಕು.

ಹೀಗಾಗಿ ಬೆಂಗಳೂರು ಟಾರ್ಪಿಡೊವನ್ನು ದಾರಿ ಬಿಡಿಸುವ ವಿದ್ಯೆಯ ಪರಂಪರೆಗೆ ಸೇರಿಸುವುದು ಸೂಕ್ತವೆಂದು ತೋರುತ್ತದೆ. ಮೆಕ್‌ಕ್ಲಿಂಟಾಕ್‌ನಿಗೆ ನೆಲಬಾಂಬಿನ ಯೋಚನೆಯೇ ಇರಲಿಲ್ಲವೆಂದು ಇದರರ್ಥವಲ್ಲ. ಮದ್ದಿನಿಂದ ದೂರ ನಿಂತು ಕೆಲಸ ಮಾಡುವ ತತ್ವ ಎರಡೂ ವಿದ್ಯೆಗಳಿಗೆ ಸಮಾನವೆಂಬುದೂ ನಿಜ. ಬೋಯರ್ ಮತ್ತು ರಷ್ಯಾ–ಜಪಾನ್ ಯುದ್ಧಗಳು ಬಿಟ್ಟುಹೋದ ಪಾಠವೆಂಬ ಮಾತು ಬಾಯಿಂದ ಬಾಯಿಗೆ ಸಾಗುತ್ತ, ಅವು ಬಿಟ್ಟುಹೋದ ಮದ್ದು ಎಂದು ತಿರುಗಿರಬಹುದು. ಇದು ನನ್ನ ಊಹೆ, ಊಹೆಯ ತೂಕ ಮಾತ್ರ ಅದಕ್ಕಿರಲಿ.

ವ್ಯತ್ಯಾಸ ಸ್ಪಷ್ಟವಾಗುವುದು ತರಬೇತಿಯಲ್ಲಿ. ದಾರಿ ಬಿಡಿಸುವವನಿಗೆ ಗುಂಡಿನ ಸುರಿಮಳೆಯಲ್ಲಿ ಅವಸರ ಕಲಿಸಬೇಕು. ಬಾಂಬ್ ನಿಷ್ಕ್ರಿಯಗೊಳಿಸುವವನಿಗೆ ಅವಸರವನ್ನು ಮರೆಸಬೇಕು. ಈ ಎರಡನೆಯ ಶಿಕ್ಷಣ ರೂಪ ತಳೆದದ್ದು 1940ರ ಬ್ರಿಟನ್ನಿನಲ್ಲಿ. ತಡವಾಗಿ ಸಿಡಿಯುವ ಜರ್ಮನ್ ಬಾಂಬುಗಳ ಎದುರು ರಾಯಲ್ ಎಂಜಿನಿಯರ್ಸ್ ಬಾಂಬ್ ನಿಷ್ಕ್ರಿಯ ತುಕಡಿಗಳನ್ನು ಕಟ್ಟಿದಾಗ ಫ್ಯೂಜೇ ಪಠ್ಯವಾಯಿತು: ಮೊದಲು ಗುರುತಿಸು, ಕಾಯಿ, ಆಮೇಲೆ ಮುಟ್ಟು.

ಮದ್ರಾಸ್ ಸ್ಯಾಪರ್‌ಗಳಲ್ಲಿ ಈ ವಿದ್ಯೆಯ ಗುರುತನ್ನು ಟಾರ್ಪಿಡೊಗಿಂತ ಇಟಲಿಯ ಮಿನ್ಯಾನೊದಲ್ಲಿ ಹುಡುಕುವುದು ಮೇಲು. 1944ರ ಫೆಬ್ರವರಿ 24ರಂದು ಅಲ್ಲಿ ನೆಲಬಾಂಬು ಶೋಧಕ ಹಿಡಿದಿದ್ದ ಸುಬೇದಾರ್ ಸುಬ್ರಮಣಿಯನ್, ಜೊತೆಗಾರರನ್ನು ಉಳಿಸಲು ಬಾಂಬಿನ ಮೇಲೆಯೇ ಬಿದ್ದು ಮಡಿದರು. ಜಾರ್ಜ್ ಕ್ರಾಸ್ ಶೌರ್ಯ ಪದಕ ಪಡೆದ ಮೊದಲ ಭಾರತೀಯರಾದರು. ಅವರ ಕೈಯಲ್ಲಿದ್ದದ್ದು ಹುಡುಕುವ ಉಪಕರಣ, ಸಿಡಿಸುವ ಕೊಳವೆಯಲ್ಲ. ಇದೇ ಪಡೆಯಿಂದ ಎನ್‌ಎಸ್‌ಜಿಗೆ ಹೋಗಿದ್ದ, ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ 2016ರ ಜನವರಿಯಲ್ಲಿ ಉಗ್ರರ ದಾಳಿಗೊಳಗಾದ ಪಠಾಣ್‌ಕೋಟ್‌ನಲ್ಲಿ ಅಸುನೀಗಿದ್ದೂ ಸಿಡಿಯದೆ ಉಳಿದಿದ್ದ ಗ್ರೆನೇಡ್‌ನಿಂದ. ಹತನಾದ ಉಗ್ರನ ದೇಹದ ತಪಾಸಣೆಯ ಹೊತ್ತಿನಲ್ಲಿ.

ಇಲ್ಲಿ ತೀರ್ಮಾನಿಸಿರುವುದು ಒಂದು ಸಾಧನದ ವರ್ಗೀಕರಣವನ್ನಷ್ಟೇ. ಹಲಸೂರಿನ ತರಬೇತಿಯಲ್ಲಿ ನಿಷ್ಕ್ರಿಯ ವಿದ್ಯೆ ಸ್ಫೋಟ ವಿದ್ಯೆಯಿಂದ ಬೇರ್ಪಟ್ಟು ಸ್ವಂತ ಪಾಠವಾದದ್ದು ಯಾವಾಗ, ಅದಕ್ಕೆ ಇಟಲಿಯ ಅನುಭವದ ಪಾಲೆಷ್ಟು, ಬ್ರಿಟನ್ನಿನದೆಷ್ಟು ಎಂಬ ಪ್ರಶ್ನೆಗಳು ಹಾಗೆಯೇ ಉಳಿದಿವೆ. ಅವುಗಳ ಉತ್ತರವನ್ನು ಪಡೆಯ ಶಿಕ್ಷಣಕ್ರಮದ ಕಡತಗಳಲ್ಲಿ ಹುಡುಕಬೇಕು. ವೀರಗಾಥೆಗಳಲ್ಲಿ ಅದು ಸಿಕ್ಕುವುದು ಕಷ್ಟ.