ಕಲ್ಲುಕುಟಿಗ ಕಟ್ಟಿದ ಸುಳ್ಳು

1792ರ ಜೂನ್ 21ನೇ ತಾರೀಕು ಲಂಡನ್ನಿನ ಪ್ರಿಮ್‌ರೋಸ್ ಹಿಲ್ ಅನ್ನುವ ಗುಡ್ಡದ ಮೇಲೆ ವೇಲ್ಸ್ ಕಡೆಯ ಒಂದಷ್ಟು ಜನ ಸೇರಿದರು. ಪುಟ್ಟ ಕಲ್ಲುಗಳನ್ನು ದುಂಡಗೆ ಜೋಡಿಸಿ, ಅದರೊಳಗೆ ನಿಂತು ಕವಿಗಳ ಸಭೆ ನಡೆಸಿದರು. ಸಭೆಯ ಹೆಸರು ಗೋರ್ಸೆದ್. ಇದು ಹೊಸದೇನಲ್ಲ, ಕ್ರಿಸ್ತಪೂರ್ವ ಕಾಲದ ಕೆಲ್ಟ್ ಜನರ ಪುರೋಹಿತರಾದ ಡ್ರೂಯಿಡರಿಂದ ಕಡಿಯದೆ ಹರಿದು ಬಂದ ಪದ್ಧತಿ, ನಮ್ಮ ಗ್ಲಮೋರ್ಗನ್ ಸೀಮೆಯ ಕವಿಗಳು ಮಾತ್ರ ಅದನ್ನು ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದಾರೆ ಅಂತ ಏರ್ಪಾಡು ಮಾಡಿದವನು ಎಲ್ಲರನ್ನೂ ನಂಬಿಸಿದ್ದ.

ಅವನು ಹೇಳಿದ್ದು ಪೂರ್ತಿ ಸುಳ್ಳು. ಆ ಸುಳ್ಳಿನ ಮೆರವಣಿಗೆ ಇವತ್ತಿಗೂ ಪ್ರತಿ ಆಗಸ್ಟಿನಲ್ಲಿ ನಡೆಯುತ್ತೆ. ದೇಶಕ್ಕೆ ದೇಶವೇ ಟಿವಿ ಮುಂದೆ ಕೂತು ನೋಡುತ್ತೆ.

ಆಸಾಮಿಯ ಹೆಸರು ಎಡ್ವರ್ಡ್ ವಿಲಿಯಮ್ಸ್, ಕಾವ್ಯನಾಮ ಯೋಲೋ ಮೋರ್ಗಾನೂಗ್. ಹುಟ್ಟಿದ್ದು 1747ರಲ್ಲಿ, ಕಸುಬು ಕಲ್ಲು ಕೆತ್ತೋದು. ಅಸ್ತಮಾ ಅಂತ ಶುರು ಮಾಡಿದ ಅಫೀಮಿನ ದ್ರಾವಣ ಕೊನೆವರೆಗೂ ಬಿಡಲಿಲ್ಲ. ಸಾಲ ತೀರಿಸಲಾಗದೆ ಕಾರ್ಡಿಫ್ ಜೈಲಿನಲ್ಲೂ ಇದ್ದು ಬಂದ. ಕೌಬ್ರಿಜ್ ಅನ್ನೋ ಊರಲ್ಲಿ ಅಂಗಡಿ ಇಟ್ಟಾಗ, ಗುಲಾಮರ ಬೆವರಿನಿಂದ ಬಂದ ವೆಸ್ಟ್ ಇಂಡೀಸ್ ಸಕ್ಕರೆ ಮಾರಲ್ಲ, ಈಸ್ಟ್ ಇಂಡಿಯಾದ ಸಕ್ಕರೆ ಮಾತ್ರ ಮಾರ್ತೀನಿ ಅಂತ ಹಟ ಹಿಡಿದವನೂ ಇವನೇ. ಅದೂ ಸ್ವಂತ ತಮ್ಮಂದಿರು ಜಮೈಕಾದಲ್ಲಿ ಗುಲಾಮರನ್ನಿಟ್ಟುಕೊಂಡು ದುಡ್ಡು ಮಾಡುತ್ತಿದ್ದಾಗ. ಅಂದರೆ ಬರೀ ಮೋಸಗಾರ ಅಂತ ತಳ್ಳಿಹಾಕುವ ಹಾಗೂ ಇಲ್ಲ.

ಆದರೆ ಹಳೇ ಕಾವ್ಯದ ವಿಷಯಕ್ಕೆ ಬಂದರೆ ಮನುಷ್ಯ ಮಹಾ ಖದೀಮ. ದಾವಿದ್ ಅಪ್ ಗ್ವಿಲಿಮ್ 14ನೇ ಶತಮಾನದ ದೊಡ್ಡ ಕವಿ. ಅವನ ಕವಿತೆಗಳು 1789ರಲ್ಲಿ ಮೊದಲ ಬಾರಿಗೆ ಅಚ್ಚಾಗುವಾಗ, ಯೋಲೋ ತಾನೇ ಬರೆದ ಕವಿತೆಗಳನ್ನು 'ಹಳೇ ಹಸ್ತಪ್ರತಿಯಲ್ಲಿ ಸಿಕ್ಕಿತು' ಅಂತ ಸೇರಿಸಿಬಿಟ್ಟ. ಓದಿದವರಿಗೆ ದಾವಿದನ ಕವಿತೆಗಳಲ್ಲೇ ಅವು ಬಲು ಚೆನ್ನಾಗಿವೆ ಅನ್ನಿಸಿತು! ಡ್ರೂಯಿಡರದ್ದು ಅಂತ ಒಂದು ಲಿಪಿಯನ್ನೂ ಸೃಷ್ಟಿಸಿದ. ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ ಅಂತ ಜೂಲಿಯಸ್ ಸೀಸರ್ ಬರೆದಿಟ್ಟಿದ್ದಾನೆ. ಖಾಲಿ ಸೈಟು ಸಿಕ್ಕರೆ ಯಾರು ಬೇಕಾದರೂ ಖಾತೆ ಮಾಡಿಸಿಕೊಳ್ಳಬಹುದಲ್ಲ, ಹಾಗಾಯ್ತು. ಈ ಕವಿತೆಗಳು ಖೊಟ್ಟಿ ಅಂತ ವಿದ್ವಾಂಸ ಜಿ.ಜೆ. ವಿಲಿಯಮ್ಸ್ ಪುಸ್ತಕ ಬರೆದು ಸಾಬೀತು ಮಾಡಿದ್ದು 1926ರಲ್ಲಿ. ಯೋಲೋ ಸತ್ತು ಸರಿಯಾಗಿ ನೂರು ವರ್ಷ ಆದಮೇಲೆ.

ಇಷ್ಟಕ್ಕೂ ವೇಲ್ಸ್‌ಗೆ ನಕಲಿ ಪರಂಪರೆ ಬೇಕೇ ಇರಲಿಲ್ಲ, ಅಸಲಿಯೇ ಇತ್ತು. 1176ರ ಕ್ರಿಸ್‌ಮಸ್ ಹೊತ್ತಿಗೆ ರ‍್ಹೀಸ್ ಅನ್ನುವ ದೊರೆ ಕಾರ್ಡಿಗನ್ ಕೋಟೆಯಲ್ಲಿ ಎರಡು ಪಂದ್ಯ ಇಟ್ಟಿದ್ದ. ಒಂದು ಕವಿಗಳಿಗೆ, ಇನ್ನೊಂದು ವಾದ್ಯ ನುಡಿಸುವವರಿಗೆ. ಒಂದು ವರ್ಷ ಮೊದಲೇ ಡಂಗುರ ಹೊಡೆಸಿದ್ದ, ಗೆದ್ದವರಿಗೆ ಕುರ್ಚಿ ಕೊಟ್ಟಿದ್ದ. ಇಂಥ ಕೂಟಕ್ಕೆ ವೆಲ್ಷ್ ಭಾಷೆಯಲ್ಲಿ ಐಸ್ಟೆದ್ವಡ್ ಅಂತಾರೆ. 'ಕೂರುವುದು' ಅನ್ನೋ ಮಾತಿನಿಂದ ಬಂದ ಪದ. 1567ರಲ್ಲಿ ಕೆಯರ್‌ವಿಸ್ ಅನ್ನೋ ಊರಲ್ಲಿ ರಾಣಿ ಎಲಿಜಬೆತ್‌ಳ ಅಪ್ಪಣೆ ಮೇಲೆ ಇನ್ನೊಂದು ನಡೆಯಿತು. ಅದರ ಉದ್ದೇಶ ಕವಿಗಳಿಗೆ ಲೈಸೆನ್ಸ್ ಕೊಡೋದು. ನಿಜವಾದ ಹಾಡುಗಾರ ಯಾರು, ಹಾಡಿನ ನೆಪದಲ್ಲಿ ಊರೂರು ಅಲೆಯುವ ಭಿಕ್ಷುಕ ಯಾರು ಅಂತ ಜರಡಿ ಹಿಡಿಯೋ ಕೆಲಸ. ಆಮೇಲೆ ಕೂಟ ಸೊರಗುತ್ತಾ ಹೋಗಿ ಹೆಂಡದಂಗಡಿಗಳ ಮೂಲೆಗೆ ಬಂದು ನಿಂತಿತ್ತು. ಯೋಲೋ 1819ರಲ್ಲಿ ಕಾರ್ಮಾರ್ದನ್ ಊರಿನ ಐವಿ ಬುಷ್ ಎಂಬ ಹೋಟೆಲಿನ ತೋಟದಲ್ಲಿ ತನ್ನ ಗೋರ್ಸೆದ್ ಅನ್ನು ಈ ಹಳೇ ಕೂಟಕ್ಕೆ ಕಸಿ ಕಟ್ಟಿದ. ಕಸಿ ಎಷ್ಟು ಚೆನ್ನಾಗಿ ಕೂತಿತು ಅಂದರೆ ಈಗ ಗಂಟು ಎಲ್ಲಿದೆ ಅಂತ ಹುಡುಕಬೇಕು.

ಪ್ರಾಜೆಕ್ಟ್ ಮೇಲೆ ಕಾರ್ಡಿಫ್‌ನಲ್ಲಿದ್ದಾಗ, 2018ರ ಆಗಸ್ಟಿನಲ್ಲಿ, ಇದನ್ನು ಕಣ್ಣಾರೆ ನೋಡಿದೆ. ಸಾಮಾನ್ಯವಾಗಿ ಒಂದು ವರ್ಷ ಉತ್ತರ ವೇಲ್ಸ್, ಒಂದು ವರ್ಷ ದಕ್ಷಿಣ ವೇಲ್ಸ್ ಅಂತ ಸುತ್ತುತ್ತಾ ಯಾವುದಾದರೂ ಊರಾಚೆಯ ಬಯಲಿನಲ್ಲಿ ಎಂಟು ದಿನ ನಡೆಯುವ ಜಾತ್ರೆ ಇದು. ಬಯಲಿಗೆ ಮಾಯ್ಸ್ ಅಂತಾರೆ, ಸುತ್ತ ಬೇಲಿ, ಒಳಗೆ ಹೋಗೋಕೆ ಟಿಕೆಟ್ಟು. ಆ ವರ್ಷ ಮಾತ್ರ ಬೇಲಿ ಇಲ್ಲದೆ ಕಾರ್ಡಿಫ್ ಬಂದರಿನ ಬೀದಿಗಳಲ್ಲೇ ಹರಡಿಕೊಂಡಿತ್ತು. ಮರದ ಅಡಿಯಿರುವ ಬೂಟು ಹಾಕಿಕೊಂಡು ಹಲಗೆ ಮೇಲೆ ಟಕಟಕ ಅಂತ ಕುಣಿಯುವ ಹುಡುಗರು. ಹಾರ್ಪ್ ಒಂದು ಧಾಟಿ ನುಡಿಸುತ್ತಿದ್ದರೆ ಅದರ ಮೇಲೆ ಬೇರೆಯದೇ ಧಾಟಿಯಲ್ಲಿ ಕವಿತೆ ಹಾಡುವ 'ಕೆರ್ದ್ ದಾಂಟ್' ಸ್ಪರ್ಧೆ. ಮೇಳಗಾನ, ಬ್ರಾಸ್ ಬ್ಯಾಂಡು, ಚಿತ್ರಗಳ ಪ್ರದರ್ಶನ, ವಿಜ್ಞಾನದ ಮಳಿಗೆ, ರಾತ್ರಿ ಹುಡುಗರಿಗೆ ಅಂತಲೇ ರಾಕ್ ಸಂಗೀತ. ಮಾಯ್ಸ್ ಒಳಗೆ ಬಿಯರ್ ಬಿಟ್ಟಿದ್ದು 2004ರಲ್ಲಂತೆ. ಅಲ್ಲಿವರೆಗೂ ಚರ್ಚಿನ ಹಿರಿಯರ ಮಾತೇ ನಡೆದಿತ್ತು.

ನನಗೆ ಹಿಡಿಸಿದ್ದು ಸಾಹಿತ್ಯದ ಡೇರೆ. ಕವಿಗಳು ಎರಡು ತಂಡ ಮಾಡಿಕೊಂಡು, ಕೊಟ್ಟ ವಿಷಯಕ್ಕೆ ಪದ್ಯ ಕಟ್ಟಿ ಮಾರ್ಕ್ಸ್‌ಗಾಗಿ ಕಾದಾಡ್ತಾರೆ. ಅದರಲ್ಲೂ ಕಂಗ್‌ಹಾನೆದ್ ಎಂಬ ನಿಯಮದ ಪದ್ಯ. ನಮ್ಮಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ ಇದೆಯಲ್ಲ, ಅದರ ಅಜ್ಜ ಅನ್ನಿ. ಇದರ ಒಂದು ಬಗೆಯಲ್ಲಿ, ಸಾಲಿನ ಮೊದಲರ್ಧದಲ್ಲಿ ವ್ಯಂಜನಗಳು ಯಾವ ಕ್ರಮದಲ್ಲಿ ಬಂದವೋ ಎರಡನೇ ಅರ್ಧದಲ್ಲೂ ಅದೇ ಕ್ರಮದಲ್ಲಿ ಬರಬೇಕು, ಸ್ವರ ಬದಲಾಗಬಹುದು. ಕನ್ನಡದಲ್ಲಿ ಆದರೆ 'ಮರದ ನೆರಳು, ಮುರಿದ ನರಳು' ಅಂದ ಹಾಗೆ. ಅರ್ಥ ಕೇಳಬೇಡಿ, ಇದೊಂದು ಸಾಲಿಗೆ ನಾನು ಅರ್ಧ ಗಂಟೆ ತಿಣುಕಿದ್ದೇನೆ. ಅವರು ಹೀಗೆ ನೂರಾರು ಸಾಲು ಬರೀತಾರೆ. ಭಾಷೆ ಬರದವರಿಗೆ ಹೆಡ್‌ಫೋನಿನಲ್ಲಿ ಇಂಗ್ಲಿಷ್ ಅನುವಾದ ಕೊಡ್ತಾರೆ. ಡೇರೆಯೆಲ್ಲ ಘೊಳ್ಳೆಂದು ನಕ್ಕಮೇಲೆ ಒಂದೆರಡು ಸೆಕೆಂಡ್ ತಡವಾಗಿ ನಮ್ಮಂಥ ಹೆಡ್‌ಫೋನಿನವರು ನಾಲ್ಕೈದು ಜನ ನಗುತ್ತಿದ್ದೆವು.

ಶುಕ್ರವಾರ ಕುರ್ಚಿ ಕೊಡುವ ಸಮಾರಂಭ. ಬಿಳಿ, ನೀಲಿ, ಹಸಿರು ನಿಲುವಂಗಿ ತೊಟ್ಟ ಗೋರ್ಸೆದ್ ಸದಸ್ಯರು ವೇದಿಕೆ ತುಂಬಾ. ಕವಿತೆ ಕಳಿಸಿದವರೆಲ್ಲ ಗುಪ್ತನಾಮದಲ್ಲಿ ಕಳಿಸಿರುತ್ತಾರೆ, ಗೆದ್ದವರು ಯಾರು ಅಂತ ಸಭೆಗೆ ಗೊತ್ತಿರಲ್ಲ. ಪ್ರಧಾನ ಡ್ರೂಯಿಡ್ ಗುಪ್ತನಾಮ ಕೂಗ್ತಾರೆ. ಕತ್ತಲ ಸಭಾಂಗಣದಲ್ಲಿ ಎಲ್ಲೋ ಒಬ್ಬರು ಎದ್ದು ನಿಲ್ತಾರೆ, ದೀಪ ಅವರನ್ನು ಹುಡುಕುತ್ತೆ. ಆಮೇಲೆ ದೊಡ್ಡ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು 'ಶಾಂತಿ ಇದೆಯೇ' ಅಂತ ಮೂರು ಸಲ ಕೇಳ್ತಾರೆ, ಸಭೆ ಮೂರು ಸಲವೂ 'ಶಾಂತಿ' ಅಂತ ಕೂಗುತ್ತೆ. ಯಾವ ಕವಿತೆಯೂ ಮಟ್ಟಕ್ಕೆ ಬರಲಿಲ್ಲ ಅನ್ನಿಸಿದರೆ ಕುರ್ಚಿ ಯಾರಿಗೂ ಕೊಡಲ್ಲ. ಇದು ನನಗೆ ತುಂಬಾ ಇಷ್ಟವಾಯ್ತು. ಶಿಫಾರಸು, ಜಿಲ್ಲಾವಾರು ಕೋಟಾ, ಏನೂ ಇಲ್ಲ.

ಇಷ್ಟೆಲ್ಲ ನೋಡಿದವರು ಸಹಜವಾಗಿ ಅಂದ್ಕೊಳ್ತಾರೆ, ಈ ನಿಲುವಂಗಿ, ಕತ್ತಿ, ಕಲ್ಲುಗಳ ವೈಭವವೇ ಭಾಷೆಯನ್ನು ಉಳಿಸಿತು, ಸುಳ್ಳಾದರೇನು ಒಳ್ಳೇದೇ ಆಯ್ತಲ್ಲ ಅಂತ. ಬಹಳ ಜನ ಹೀಗೆ ಬರೆದೂ ಇದ್ದಾರೆ. ನನಗೆ ಒಪ್ಪಿಗೆ ಇಲ್ಲ. ಯಾಕೆ ಅಂದರೆ 19ನೇ ಶತಮಾನ ನೋಡಿ.

1847ರಲ್ಲಿ ಬ್ರಿಟಿಷ್ ಸರ್ಕಾರ ವೇಲ್ಸ್‌ನ ಶಾಲೆಗಳ ಬಗ್ಗೆ ಒಂದು ವರದಿ ತಂದಿತು. ಬರೆದ ಮೂವರು ಕಮಿಷನರುಗಳಿಗೂ ವೆಲ್ಷ್ ಬರುತ್ತಿರಲಿಲ್ಲ. ಜನರ ಅಜ್ಞಾನಕ್ಕೆ, ಬಡತನಕ್ಕೆ, ನಡತೆಗೆಟ್ಟಿದ್ದಕ್ಕೆ ಎಲ್ಲಕ್ಕೂ ಅವರ ಭಾಷೆಯತ್ತಲೇ ಬೊಟ್ಟು ಮಾಡಿದ ವರದಿ ಅದು. ನೀಲಿ ರಟ್ಟಿನದ್ದಾದ್ದರಿಂದ ವೇಲ್ಸ್ ಜನ 'ನೀಲಿ ಪುಸ್ತಕಗಳ ದ್ರೋಹ' ಅಂತ ಇವತ್ತಿಗೂ ಕರೀತಾರೆ. ಅದೇ ಕಾಲದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕುತ್ತಿಗೆಗೆ ಒಂದು ಮರದ ತುಂಡು ಕಟ್ಟುತ್ತಿದ್ದರು. ಆ ಮಗು ಇನ್ನೊಂದು ಮಗು ವೆಲ್ಷ್ ಆಡೋದನ್ನು ಕೇಳಿಸಿಕೊಂಡು ಹಿಡಿದುಕೊಟ್ಟರೆ ತುಂಡು ಅದರ ಕುತ್ತಿಗೆಗೆ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರಿಗೆ ಏಟು. ಇದು ಸರ್ಕಾರದ ಕಾನೂನಲ್ಲ. ಮೇಷ್ಟ್ರುಗಳೇ ಮಾಡಿದ್ದು, ಎಷ್ಟೋ ಸಲ ಅಪ್ಪ ಅಮ್ಮಂದಿರ ಒಪ್ಪಿಗೆಯಿಂದಲೇ. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಇಂಗ್ಲಿಷ್ ಮೀಡಿಯಂಗೆ ಬಂದ ನನ್ನಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಶಾಲೆಯಲ್ಲಿ ಮರದ ತುಂಡಿರಲಿಲ್ಲ. ಕನ್ನಡ ಆಡಿದವರ ಹೆಸರು ಬರೆಯೋಕೆ ಒಬ್ಬ ಲೀಡರ್ ಇದ್ದ, ತಲೆಗೆ ಎರಡು ರೂಪಾಯಿ ದಂಡ ಇತ್ತು. ಫೀಸು ಕಟ್ಟಿದ್ದು ನಮ್ಮಪ್ಪನೇ.

ಇಂಥ ಅವಮಾನದ ಹೊತ್ತಲ್ಲಿ ಐಸ್ಟೆದ್ವಡ್ ಏನು ಮಾಡಿತು? 1858ರಲ್ಲಿ ಲ್ಯಾನ್‌ಗೋಥ್ಲೆನ್ ಊರಲ್ಲಿ ಭಾರಿ ಕೂಟ ನಡೆಯಿತು. ಕೊಲಂಬಸ್‌ಗಿಂತ ಮೊದಲೇ ಮಡೋಗ್ ಅನ್ನೋ ವೆಲ್ಷ್ ರಾಜಕುಮಾರ ಅಮೆರಿಕ ಕಂಡುಹಿಡಿದ ಅನ್ನೋದು ಪ್ರಬಂಧ ಸ್ಪರ್ಧೆಯ ವಿಷಯ. ಥಾಮಸ್ ಸ್ಟೀಫನ್ಸ್ ಎಂಬ ಔಷಧಿ ಅಂಗಡಿಯವನು ದಾಖಲೆಗಳನ್ನೆಲ್ಲ ಜಾಲಾಡಿ, ಇದು ಕಟ್ಟುಕಥೆ ಅಂತ ಬರೆದು ಕಳಿಸಿದ. ಬಂದ ಪ್ರಬಂಧಗಳಲ್ಲಿ ಅದೇ ಶ್ರೇಷ್ಠ. ಆದರೆ ವಿಷಯ 'ಕಂಡುಹಿಡಿದದ್ದು', ನೀನು ಬರೆದದ್ದು 'ಕಂಡುಹಿಡಿಯದೇ ಇದ್ದದ್ದು' ಅನ್ನುವ ತಕರಾರು ತೆಗೆದು ಬಹುಮಾನ ತಪ್ಪಿಸಿದರು. ಯೋಲೋ ಬಿತ್ತಿದ ಚಟ ನೋಡಿ, ಸುಳ್ಳಿಗೆ ಕಾವಲು ಕಾಯೋದು.

1861ರಲ್ಲಿ ಅಬರ್‌ಡೇರ್‌ನಲ್ಲಿ ಮೊದಲ ರಾಷ್ಟ್ರೀಯ ಐಸ್ಟೆದ್ವಡ್ ನಡೆಯಿತು. ಬಿರುಗಾಳಿಗೆ ಡೇರೆ ಹಾರಿಹೋಗಿ ಮಾರುಕಟ್ಟೆ ಕಟ್ಟಡಕ್ಕೆ ಓಡಬೇಕಾಯ್ತು. ನೀಲಿ ಪುಸ್ತಕದವರಿಗೆ ನಾವೂ ಸುಶಿಕ್ಷಿತರೇ ಅಂತ ತೋರಿಸಬೇಕಿತ್ತಲ್ಲ, ಹಾಗಾಗಿ ಮರುವರ್ಷದಿಂದ ಸಮಾಜವಿಜ್ಞಾನದ ಗೋಷ್ಠಿ ಅಂತ ಒಂದು ಸೇರಿಸಿದರು, ಅದು ನಡೆದದ್ದು ಇಂಗ್ಲಿಷಿನಲ್ಲಿ. ಮುಂದಿನ ದಶಕಗಳಲ್ಲಿ ವೇದಿಕೆ ಮೇಲಿನ ಭಾಷಣಗಳಿಗೂ ಇಂಗ್ಲಿಷ್ ಧಾರಾಳವಾಗಿ ನುಗ್ಗಿತು. ನಿಲುವಂಗಿ ಇತ್ತು, ಕತ್ತಿ ಇತ್ತು, ಕಲ್ಲಿನ ವೃತ್ತ ಇತ್ತು. ಭಾಷೆ ಮಾತ್ರ ಜಾರುತ್ತಲೇ ಇತ್ತು. 1911ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಶೇಕಡಾ 43ರ ಆಸುಪಾಸು, ಅರ್ಧಕ್ಕಿಂತ ಕಡಿಮೆ.

ಆ ನಾಟಕೀಯ ವಿಧಿಗೆ ನಿಜವಾದ ತೂಕ ಬಂದದ್ದು ಒಂದೇ ಸಲ, 1917ರಲ್ಲಿ. ಆ ವರ್ಷದ ಕೂಟ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ಪ್ರಧಾನಿ ಲಾಯ್ಡ್ ಜಾರ್ಜ್ ಸಭೆಯಲ್ಲಿದ್ದರು. ಸೆಪ್ಟೆಂಬರ್ 6ರಂದು ಗೆದ್ದ ಕವಿಯ ಗುಪ್ತನಾಮವನ್ನು ಮೂರು ಸಲ ಕೂಗಿದರು. ಯಾರೂ ಏಳಲಿಲ್ಲ. ಕವಿ ಹೆದ್ ವಿನ್, ಟ್ರಾಸ್‌ವನಿದ್ ಹಳ್ಳಿಯ ಕುರಿ ಸಾಕುವ ಮನೆಯ ಹುಡುಗ, ಐದು ವಾರದ ಹಿಂದೆ ಜುಲೈ 31ರಂದು ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಸತ್ತಿದ್ದ. ಕುರ್ಚಿಗೆ ಕರಿ ಬಟ್ಟೆ ಹೊದಿಸಿದರು. ಆ ಕುರ್ಚಿ ಕೆತ್ತಿದವನು ಅದೇ ಯುದ್ಧದಿಂದ ಓಡಿಬಂದು ಬರ್ಕನ್‌ಹೆಡ್‌ನಲ್ಲಿ ನೆಲೆಸಿದ್ದ ಬೆಲ್ಜಿಯಂನ ನಿರಾಶ್ರಿತ. ಕುರ್ಚಿ ರೈಲಿನಲ್ಲಿ ಊರಿಗೆ ಹೋಯಿತು, ಈಗಲೂ ಅವನ ಮನೆಯಲ್ಲೇ ಇದೆ. ಹೆದ್ ವಿನ್ ಅನ್ನೋ ಕಾವ್ಯನಾಮದಲ್ಲಿ 'ಹೆದ್' ಅಂದರೆ ಶಾಂತಿ.

ಭಾಷೆಗೆ ನಿಜವಾಗಿ ಆಸರೆಯಾದದ್ದು ನನ್ನ ಲೆಕ್ಕದಲ್ಲಿ ಒಂದು ಬೋಳು ನಿಯಮ. 1937ರಲ್ಲಿ ಹೊಸ ಸಂವಿಧಾನ ಬರೆದುಕೊಂಡಾಗ ಉತ್ಸವದ ಅಧಿಕೃತ ಭಾಷೆ ವೆಲ್ಷ್ ಅಂತ ಸೇರಿಸಿದರು. 1950ರಲ್ಲಿ ಕೆಯರ್‌ಫಿಲಿಯಲ್ಲಿ ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದರು. ಮಂತ್ರಿ ಬರಲಿ, ಲಾರ್ಡ್ ಬರಲಿ, ವೇದಿಕೆ ಮೇಲೆ ವೆಲ್ಷ್ ಮಾತ್ರ. ಬರದಿದ್ದವರಿಗೆ ಅನುವಾದ ಕೊಡೋಣ, ಭಾಷೆ ಬದಲಾಯಿಸೋದು ಬೇಡ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬದಲಾಯಿಸಿದ ಹಾಗೆ. ಸುತ್ತಲ ಇಡೀ ದೇಶ ಇಂಗ್ಲಿಷಿಗೆ ತಿರುಗುತ್ತಿದ್ದಾಗ, ವರ್ಷಕ್ಕೆ ಒಂದು ವಾರವಾದರೂ ಹೆಡ್‌ಫೋನ್ ಹಾಕಿಕೊಳ್ಳುವ ಸರದಿ ಇಂಗ್ಲಿಷಿನವರದ್ದಾಯಿತು.

ಅದೇ 1950ರಲ್ಲಿ ಪ್ರಧಾನ ಡ್ರೂಯಿಡ್ ಆದ ಕವಿಯ ಹೆಸರು ಕನನ್. ಗೋರ್ಸೆದ್‌ಗೂ ಪ್ರಾಚೀನ ಡ್ರೂಯಿಡರಿಗೂ ಸಂಬಂಧ ಇಲ್ಲ, ಅದು ಯೋಲೋನ ಸೃಷ್ಟಿ ಅಂತ ಒಪ್ಪಿಕೊಂಡ ಮೊದಲ ಪ್ರಧಾನ ಡ್ರೂಯಿಡ್ ಇವರೇ. ಒಪ್ಪಿಕೊಂಡೂ ನಿಲುವಂಗಿ ಬಿಡಲಿಲ್ಲ. ನಾಟಕ ಅಂತ ಗೊತ್ತಿದ್ದರೆ ನಾಟಕ ಚೆನ್ನಾಗಿರಬೇಕು ಅಂತ ಮೆರವಣಿಗೆ, ಮಕ್ಕಳ ಹೂವಿನ ಕುಣಿತ ಎಲ್ಲಕ್ಕೂ ಅಚ್ಚುಕಟ್ಟು ತಂದರು. ಈಗ ಆ ವೃತ್ತದ ಕಲ್ಲುಗಳೂ ಫೈಬರ್‌ಗ್ಲಾಸಿನವು, ಲಾರಿಯಲ್ಲಿ ಊರಿಂದೂರಿಗೆ ಹೋಗುತ್ತವೆ. ಕುರ್ಚಿಯನ್ನು ಮೊದಲ ಸಲ ಒಬ್ಬ ಹೆಂಗಸು, ಮೆರೆರಿಡ್ ಹಾಪ್‌ವುಡ್, ಗೆದ್ದದ್ದು 2001ರಲ್ಲಿ. ಅಷ್ಟು ತಡವಾಗಿದ್ದಕ್ಕೆ ಡ್ರೂಯಿಡರನ್ನು ದೂರುವ ಹಾಗಿಲ್ಲ.

ನಿಯಮಕ್ಕೆ ಬೆಲೆ ಇಲ್ಲದಿಲ್ಲ. 2023ರಲ್ಲಿ ಸೇಜ್ ಟಾಡ್ಜ್ ಎಂಬ ಯುವ ರ‍್ಯಾಪ್ ಗಾಯಕ ಅಲ್ಲಿ ಹಾಡಲಿಲ್ಲ, ಅವನ ಹಾಡುಗಳಲ್ಲಿ ವೆಲ್ಷ್ ಜೊತೆ ಇಂಗ್ಲಿಷ್ ಜಾಸ್ತಿ ಇದೆ ಅನ್ನೋ ಕಾರಣಕ್ಕೆ. ಭಾಷೆಗೆ ಹೊಸ ಹುಡುಗರನ್ನು ಕರೆತರುವವನನ್ನೇ ಹೊರಗಿಟ್ಟಿರಲ್ಲ ಅಂತ ಬಹಳ ಜನ ಬೈದರು. ಆಡಳಿತದವರು ನಿಯಮ ಸಡಿಲಿಸಲಿಲ್ಲ. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಶೇಕಡಾ 17.8ಕ್ಕೆ ಇಳಿದಿದ್ದರು, ಭಯ ಇರೋದು ಸಹಜ. ಹುಡುಗನ ಹಾಡು ಕೇಳಿದ್ದೇನೆ, ಚೆನ್ನಾಗಿದೆ. ಆದರೂ ನನ್ನ ಓಟು ನಿಯಮಕ್ಕೇ. ಎಲ್ಲ ಕಡೆ ಬೆರಕೆಗೆ ಜಾಗ ಇರುವಾಗ ಬೆರಕೆ ಇಲ್ಲದ ಒಂದು ವಾರ ಎಲ್ಲಾದರೂ ಇರಲಿ ಬಿಡಿ. ಇಷ್ಟು ಹೇಳೋಕೆ ಎಷ್ಟು ಇಂಗ್ಲಿಷ್ ಪದ ಬಳಸಿದೆ ಅಂತ ಲೆಕ್ಕ ಹಾಕಿದರೆ, ಈ ಅಂಕಣಕ್ಕಂತೂ ಅಲ್ಲಿ ಗೇಟ್ ಒಳಗೇ ಬಿಡ್ತಿರಲಿಲ್ಲ.