ಕಾರಿನ ನೀರಿನ ಪಂಪು: ಅಂಗಳದ ದುರಸ್ತಿಯ ಒಂದು ಚರಿತ್ರೆ



ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿದ ನಿಮಗೆ ಈ ಸಲದ ವಿಷಯ ವಿಚಿತ್ರವೆನಿಸಬಹುದು. ಕಾರಿನ ಇಂಜಿನ್ನಿಗೆ ನೀರು ಸುತ್ತಿಸುವ ಅಂಗೈಯಗಲದ ಪಂಪಿಗೂ ಒಂದು ಚರಿತ್ರೆಯಿದೆ. ಅದನ್ನು ಮನೆಯ ಅಂಗಳದಲ್ಲಿಯೇ ಬಿಚ್ಚಿ ಬದಲಾಯಿಸುತ್ತಿದ್ದ ಕಾಲವೂ ಆ ಚರಿತ್ರೆಯ ಒಂದು ಅಧ್ಯಾಯವೇ.

ಇಂಜಿನ್ನಿನೊಳಗೆ ಉರಿಯುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ತಂಪುಗೊಳಿಸುವ ನೀರಿಗೆ ಸೇರುತ್ತದೆ. ಅದನ್ನು ಹೊರಹಾಕದಿದ್ದರೆ ಲೋಹವೇ ಸೊಟ್ಟಗಾಗುತ್ತದೆ. ಕಾರ್ಲ್ ಬೆಂಜ್ 1886ರಲ್ಲಿ ಹಕ್ಕುಪತ್ರ ಪಡೆದ ಮೂರು ಗಾಲಿಯ ವಾಹನದಲ್ಲಿ ಪಂಪಿರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಮತ್ತೆ ಸುರಿಯಬೇಕಾಗಿತ್ತು. 1888ರ ಆಗಸ್ಟ್‌ನಲ್ಲಿ ಆತನ ಪತ್ನಿ ಬೆರ್ಥಾ ಬೆಂಜ್ ಇಬ್ಬರು ಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿಲೋಮೀಟರ್ ಸಾಗಿದಾಗ, ದಾರಿಯುದ್ದಕ್ಕೂ ನೀರು ಬೇಡಿ ತುಂಬಿಸಿಕೊಂಡಳು; ಕಟ್ಟಿಕೊಂಡ ಇಂಧನದ ನಳಿಗೆಯನ್ನು ತನ್ನ ಟೋಪಿಯ ಸೂಜಿಯಿಂದಲೇ ಬಿಡಿಸಿದಳು. ಸ್ವಂತ ಕೈಯಿಂದ ವಾಹನ ಸರಿಪಡಿಸಿದವರ ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದೇ ಇರಬೇಕೆಂದು ನನ್ನ ಅಭಿಪ್ರಾಯ.

1900ರ ಕೊನೆಗೆ ಸಿದ್ಧವಾದ ಮರ್ಸಿಡಿಸ್ ಕಾರಿಗೆ ವಿಲ್‌ಹೆಲ್ಮ್ ಮೈಬಾಖ್ ಜೇನುಹುಟ್ಟಿನಂಥ ರೇಡಿಯೇಟರ್ ರಚಿಸಿದನು. ಅದರಲ್ಲಿ 8070 ಪುಟ್ಟ ಕೊಳವೆಗಳಿದ್ದವು. ಪಂಪು ನೀರನ್ನು ಸುತ್ತಿಸುತ್ತಿದ್ದುದರಿಂದ 9 ಲೀಟರ್ ನೀರೇ ಸಾಕಾಯಿತು. ಆದರೆ ಹೆನ್ರಿ ಫೋರ್ಡ್ ಬೇರೆ ದಾರಿ ಹಿಡಿದನು. 1908ರ ಟಿ ಮಾದರಿಯ ಮೊದಲ ಸುಮಾರು 2500 ಕಾರುಗಳಿಗೆ ಮಾತ್ರ ಪಂಪಿತ್ತು. ಅನಂತರ ಅದನ್ನು ಕೈಬಿಟ್ಟು, ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಗುಣಕ್ಕೇ ಕೆಲಸವನ್ನು ಒಪ್ಪಿಸಿದನು. ಏರುದಾರಿಯಲ್ಲಿ ಆ ಕಾರುಗಳು ಕುದಿಯತೊಡಗಿದಾಗ ಬೇರೆ ಕಂಪನಿಗಳು ಬಿಡಿ ಪಂಪುಗಳನ್ನು ಮಾರಿದವು. ಅಲ್ಲಿಯ ರೈತರು ತಮ್ಮ ಕೊಟ್ಟಿಗೆಯಲ್ಲಿಯೇ ಅವನ್ನು ಜೋಡಿಸಿಕೊಂಡರು.

ಇನ್ನು ನಮ್ಮ ಸೀಮೆಗೆ ಬರೋಣ. ತೆಂಗಳಿ, ಸೇಡಂ, ಚಿತ್ತಾಪುರಗಳು ಅಂದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳೊಡನೆ ಸಂಸ್ಥಾನದ ರಸ್ತೆ ಸಾರಿಗೆಯನ್ನು ಆರಂಭಿಸಿತು. ವಾಡಿ ಜಂಕ್ಷನ್ನಿನಲ್ಲಿ ಉಗಿಬಂಡಿಗಳು ನೀರು ಕುಡಿಯುವುದನ್ನು ಕಂಡ ಜನರಿಗೆ ಬಸ್ಸು ನೀರು ಕುಡಿದದ್ದು ಆಶ್ಚರ್ಯವೆನಿಸಿರಲಾರದು. ಬೇಸಗೆಯಲ್ಲಿ 42, 43 ಡಿಗ್ರಿ ದಾಟುವ ಈ ನೆಲದಲ್ಲಿ ಚಾಲಕನ ಕಾಲ ಬಳಿ ನೀರಿನ ಡಬ್ಬಿ ಇರುವುದು ಅನಿವಾರ್ಯವಾಗಿತ್ತು.

ನಮ್ಮಲ್ಲಿ ಇನ್ನೊಂದು ತೊಡಕುಂಟು. ನಿಮ್ಮ ಮನೆಯಂಗಳದಲ್ಲಿ ಹಾಸಿರುವ ಶಹಾಬಾದಿ ಫರಸಿ ಸುಣ್ಣದ ಕಲ್ಲು. ಅದೇ ಕಲ್ಲಿನ ಸಂದಿಯಿಂದ ಬರುವ ಬಾವಿಯ ನೀರು ಗಡಸು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿಯ ಪೊರೆಯೇ ರೇಡಿಯೇಟರಿನ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಅದರ ಕಣಗಳು ಪಂಪಿನ ಸೀಲನ್ನು ಸವೆಸುತ್ತವೆ. ಸಿಮೆಂಟ್ ಕಾರ್ಖಾನೆಗಳಿಗೆ ಭಾಗ್ಯವಾದ ಕಲ್ಲು ಇಂಜಿನ್ನುಗಳಿಗೆ ಪೀಡೆಯಾಯಿತು! ಮಳೆಯ ನೀರನ್ನು ಹಿಡಿದಿಟ್ಟು ಕಾರಿಗೆ ಹಾಕುವವರು ಬುದ್ಧಿವಂತರು. ಇಂದು ದೊರೆಯುವ ಕೂಲಂಟ್ ಅದಕ್ಕಿಂತ ಒಳ್ಳೆಯದು.

ಅಂಬಾಸಿಡರ್ ಕಾರು ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಬಹುಕಾಲದ 1489 ಸಿಸಿ ಇಂಜಿನ್ನಿನಲ್ಲಿ ಪಂಪು ಎದುರಿಗೇ ಇತ್ತು. ಫ್ಯಾನು ಪಂಪಿನ ಪುಲ್ಲಿಗೇ ಬಿಗಿದಿತ್ತು. ಬಾನೆಟ್ ಎತ್ತಿದರೆ ಒಬ್ಬ ಮನುಷ್ಯ ಒಳಗೆ ಬಾಗಿ ನಿಲ್ಲುವಷ್ಟು ಜಾಗ. ಪಾನಾಗಳ ಒಂದು ಗಂಟು, ಒಂದು ಸುತ್ತಿಗೆ, ಒಂದು ಬಕೆಟ್, ಅರ್ಧ ದಿನದ ವ್ಯವಧಾನ, ಇಷ್ಟಿದ್ದರೆ ಕೆಲಸ ಮುಗಿಯುತ್ತಿತ್ತು.

ಮೊದಲು ಇಂಜಿನ್ ಪೂರ್ತಿ ಆರಬೇಕು. ಇದನ್ನು ಮೇಷ್ಟರ ಆಜ್ಞೆಯೆಂದೇ ತಿಳಿಯಿರಿ. ಚದರ ಅಂಗುಲಕ್ಕೆ 7 ಪೌಂಡ್ ಒತ್ತಡ ತಡೆಯುವ ಮುಚ್ಚಳದ ಕೆಳಗೆ ನೀರು 110 ಡಿಗ್ರಿಯ ಸಮೀಪದವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಅದು ಒಮ್ಮೆಲೇ ಉಕ್ಕಿ ಮುಖಕ್ಕೆ ಎರಚುತ್ತದೆ. ಅನಂತರ ಬ್ಯಾಟರಿಯ ತಂತಿ ಬಿಡಿಸಿ, ನೀರು ಇಳಿಸಿ, ಡೈನಮೋ ಸಡಿಲಿಸಿ, ಬೆಲ್ಟು ತೆಗೆದು, ಫ್ಯಾನಿನ ಎಲೆಗಳನ್ನು ಕಳಚಿದರೆ ಪಂಪಿನ ಬೋಲ್ಟುಗಳು ಕೈಗೆ ಸಿಗುತ್ತವೆ. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಒಂದೂ ಉಳಿಯದಂತೆ ಕೆರೆಯುವುದೇ ಎಲ್ಲಕ್ಕಿಂತ ಬೇಸರದ ಕೆಲಸ, ಎಲ್ಲಕ್ಕಿಂತ ಮುಖ್ಯವಾದುದೂ ಹೌದು. ಅಂಗಡಿಯಲ್ಲಿ ಪ್ಯಾಕಿಂಗ್ ಸಿಗದಿದ್ದರೆ ದಪ್ಪ ಕಾಗದವನ್ನು ಪಂಪಿನ ಬಾಯಿಗಿಟ್ಟು, ಸುತ್ತಿಗೆಯ ಗುಂಡುತಲೆಯಿಂದ ಅಂಚಿನಗುಂಟ ಮೃದುವಾಗಿ ಬಡಿದು ಆಕಾರ ಕತ್ತರಿಸಿಕೊಳ್ಳುತ್ತಿದ್ದರು. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲ ಬಾಗಬೇಕು. ಅತಿಯಾಗಿ ಎಳೆದರೆ ಹೊಸ ಬೇರಿಂಗೂ ಬೇಗನೆ ಹಾಳಾಗುತ್ತದೆ. ಕೊನೆಗೆ ನೀರು ತುಂಬಿ, ಮುಚ್ಚಳ ತೆರೆದಿಟ್ಟೇ ಇಂಜಿನ್ ಓಡಿಸಿ, ಒಳಗಿನ ಗಾಳಿ ಗುಳ್ಳೆಯಾಗಿ ಹೊರಬರುವವರೆಗೆ ಕಾಯಬೇಕು.

ಪಂಪಿನ ಹೊಟ್ಟೆಯಡಿ ಒಂದು ಸಣ್ಣ ರಂಧ್ರವಿರುತ್ತದೆ. ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ತೊಟ್ಟಿಕ್ಕಲೆಂದೇ ಅದನ್ನು ಕೊರೆದಿರುತ್ತಾರೆ. ಅದು ತೂತುಬಿದ್ದದ್ದೆಂದು ತಿಳಿದು ಕಡ್ಡಿ ಬಡಿದು ಮುಚ್ಚುವವರುಂಟು. ರೇಡಿಯೇಟರಿಗೆ ಅರಿಶಿನ ಪುಡಿ ಸುರಿಯುವವರೂ ಉಂಟು. ಅರಿಶಿನದಿಂದ ರೇಡಿಯೇಟರಿನ ಸಣ್ಣ ಸೋರಿಕೆ ಊರು ಸೇರುವಷ್ಟು ಹೊತ್ತು ನಿಂತೀತು. ಪಂಪಿನ ರಂಧ್ರ ಮುಚ್ಚಿದರೆ ಮಾತ್ರ ಬೇರಿಂಗ್ ತುಕ್ಕು ಹಿಡಿದು, ಒಂದು ದಿನ ಫ್ಯಾನೇ ಹೋಗಿ ರೇಡಿಯೇಟರನ್ನು ಸೀಳುತ್ತದೆ.

ಇತ್ತೀಚಿನ ಅನೇಕ ಇಂಜಿನ್ನುಗಳಲ್ಲಿ ಪಂಪು ಟೈಮಿಂಗ್ ಬೆಲ್ಟಿನ ಮರೆಯಲ್ಲಿ ಅಡಗಿದೆ. ಅಲ್ಲಿ ಗುರುತು ಒಂದು ಹಲ್ಲು ತಪ್ಪಿದರೂ ಇಂಜಿನ್ನಿನ ಲಯ ಕೆಡುತ್ತದೆ, ಕೆಲವು ಇಂಜಿನ್ನುಗಳಲ್ಲಿ ವಾಲ್ವುಗಳೇ ಬಾಗಬಹುದು. ಅಂಥದನ್ನು ಅಂಗಳದಲ್ಲಿ ಬಿಚ್ಚಿರೆಂದು ನಾನು ಯಾರಿಗೂ ಹೇಳಲಾರೆ. 2009ರಲ್ಲಿ ಬಂದ ಮೂರನೆಯ ತಲೆಮಾರಿನ ಟೊಯೋಟಾ ಪ್ರಿಯಸ್ ಕಾರಿನ ಪಂಪಿಗೆ ಬೆಲ್ಟೇ ಇಲ್ಲ, ವಿದ್ಯುತ್ತಿನಿಂದಲೇ ತಿರುಗುತ್ತದೆ. ಪೆಟ್ರೋಲನ್ನೇ ಬಿಟ್ಟ ಬ್ಯಾಟರಿ ಕಾರುಗಳಲ್ಲಿಯೂ ಬಹುಪಾಲಿಗೆ ಬ್ಯಾಟರಿಯನ್ನು ತಣ್ಣಗಿಡಲು ಇಂಥದೇ ಒಂದು ಪಂಪು ದ್ರವವನ್ನು ಸುತ್ತಿಸುತ್ತಲೇ ಇದೆ.